ಧರೆಪ್ಪನ ಜಗಳದ ಪಾಳಿ

ನಮ್ಮೂರ ಹಳ್ಳದ ಮಲ್ಲಯ್ಯನ ಗುಡಿಗೆ ಚರಿತ್ರೆ ಇಲ್ಲವೆಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. ಗುಡಿ ಇತ್ತು, ಮಲ್ಲಯ್ಯ ಇದ್ದ, ನಾವು ಇದ್ದೆವು. ಇಷ್ಟು ಸಾಲದೆಂದು ಕಂಡದ್ದು ಬಸಂತರಾಯನಿಗೆ. ಆತ ಬಸವನ ಬಾಗೇವಾಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಗುಡಿಯ ಕಮಿಟಿಗೆ ಅಧ್ಯಕ್ಷನಾದ ಮೇಲೆ, ಚರಿತ್ರೆಯಿಲ್ಲದ ದೇವರಿಗೆ ಅಧ್ಯಕ್ಷನಾಗಿರುವುದು ಆತನಿಗೆ ಕಡಿಮೆಯೆನಿಸಿತು. ಒಂದು ಬೇಸಿಗೆ ಪೂರ್ತಿ ಅಂಗಡಿಯಲ್ಲಿ ಕುಳಿತು, ಗಿರಾಕಿಗಳನ್ನು ಬಿಸಿಲಲ್ಲಿ ನಿಲ್ಲಿಸಿ, ತಾನೇ ಒಂದು ಚರಿತ್ರೆ ಬರೆದ. ಅದರ ಪ್ರಕಾರ ಒಬ್ಬ ಅರಸ ಆನೆಯ ಮೇಲೆ ಈ ಕಡೆ ಹಾಯ್ದು ಹೋಗುವಾಗ ಆನೆ ನಮ್ಮ ಹಳ್ಳದಲ್ಲಿ ಮೊಣಕಾಲೂರಿತು. ಅರಸ ಇಳಿದ. ಗುಡಿ ಕಟ್ಟಿಸಿದ.

"ಆನಿ ಯಾಕ ಮೊಣಕಾಲೂರಿತೋ?" ಎಂದು ನಾನು ಕೇಳಿದೆ.

"ಕಾಕಾ, ಆನಿ ಮನಸಿನಾಗಿಂದು ನನಗೇನ ಗೊತ್ತರಿ?" ಎಂದ.

ಅರಸನ ಮನಸ್ಸಿನಲ್ಲಿದ್ದುದನ್ನು ಮಾತ್ರ ಎರಡು ಪುಟ ಬರೆದಿದ್ದ.

ನನಗೆ ಸಿಟ್ಟು ಬಂದದ್ದು ಆನೆಯ ಮೇಲಲ್ಲ. ಆನೆ ಬಂದರೆ ಬರಲಿ, ನಮ್ಮ ಹಳ್ಳದಲ್ಲಿ ಜಾಗ ಬೇಕಾದಷ್ಟಿದೆ. ಆದರೆ ಆ ಚರಿತ್ರೆಯಲ್ಲಿ ಗಂಗವ್ವ ಇರಲಿಲ್ಲ.

ಗಂಗವ್ವನನ್ನು ನಾವು ಯಾರೂ ಕಂಡವರಲ್ಲ. ನಮ್ಮ ಅಜ್ಜಿಯ ಅಜ್ಜಿ ಕಂಡಿದ್ದಳೋ ಏನೋ. ಊರಿಗೆ ಪ್ಲೇಗು ಬಂದ ವರ್ಷ ಆಕೆಯ ಒಬ್ಬನೇ ಮಗ ಸತ್ತ. ಪುಷ್ಯ ಮಾಸದ ಅವರಾತ್ರಿ ಅಮಾವಾಸ್ಯೆಗೆ ಮಲ್ಲಯ್ಯನ ಪಲ್ಲಕ್ಕಿ ತಂಗಡಗಿಯ ಹತ್ತಿರ ಕೃಷ್ಣೆಯಲ್ಲಿ ಸ್ನಾನ ಮಾಡಿ ತಿರುಗಿ ಬರುವುದು ಆಗಲೂ ಇತ್ತು. ಗಂಗವ್ವ ಹಾದಿಗೆ ಅಡ್ಡ ನಿಂತಳು. ಮಲ್ಲಯ್ಯನ ಮುಖಕ್ಕೆ ಮುಖ ಕೊಟ್ಟು ಬಾಯಿಗೆ ಬಂದಂತೆ ಬೈದಳು. ಪಲ್ಲಕ್ಕಿ ಹೊತ್ತವರು ಮುಂದೆ ಹೋಗಲು ನೋಡಿದರೆ ಕಾಲು ಏಳಲಿಲ್ಲ. ಬೈದು ಬೈದು ದಣಿದು ಆಕೆ "ಇನ್ನ ಹೋಗಪಾ" ಎಂದ ಮೇಲೆಯೇ ಕಾಲು ಎದ್ದವು.

ಅಂದಿನಿಂದ ನಮ್ಮೂರಲ್ಲಿ ಅದು ಪದ್ಧತಿ. ವರ್ಷದೊಳಗೆ ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯ ಮುಂದೆ ಪಲ್ಲಕ್ಕಿ ನಿಲ್ಲಬೇಕು. ಮನೆಯವರಲ್ಲಿ ಒಬ್ಬರು ಹೊಸ್ತಿಲಲ್ಲಿ ನಿಂತು ದೇವರ ಜೊತೆ ಜಗಳ ತೆಗೆಯಬೇಕು. ಏನು ಬೇಕಾದರೂ ಅನ್ನಬಹುದು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಬಾಯಿ ಹಾಕಿದವನ ಮನೆಗೆ ಮುಂದಿನ ವರ್ಷ ಪಾಳಿ ಬರುತ್ತದೆಂದು ನಂಬಿಕೆ. "ಹೋಗಪಾ" ಎನ್ನುವವರೆಗೆ ಪಲ್ಲಕ್ಕಿ ಕದಲುವಂತಿಲ್ಲ. ಸತ್ತ ವರ್ಷದ ಜಗಳ ಆ ವರ್ಷವೇ ಆಗಬೇಕು, ತಪ್ಪಿದರೆ ಮತ್ತಿಲ್ಲ. ದೇವರ ಮುಂದೆ ಆಡದೆ ಉಳಿದ ಸಿಟ್ಟು ಮನೆಯೊಳಗೇ ಕುಳಿತುಬಿಡುತ್ತದೆಂದು ಹಿರಿಯರು ಹೇಳುತ್ತಿದ್ದರು. ಹಾಗೆ ಕುಳಿತ ಮನೆಗಳನ್ನು ನಾನು ಕಂಡಿದ್ದೇನೆ. ಅವುಗಳ ಅಂಗಳದಲ್ಲಿ ಮಕ್ಕಳು ಸಹ ಆಡುವುದಿಲ್ಲ.

ದೇವರನ್ನು ಬೈಯುವುದು ಭಕ್ತಿಯೇ ಎಂದು ಕೇಳುವವರಿದ್ದಾರೆ. ಇಲ್ಲವೆಂದು ತಿಳಿದವರನ್ನು ಯಾರಾದರೂ ಬೈಯುತ್ತಾರೆಯೇ?

ಇದನ್ನೆಲ್ಲ ಬಸಂತರಾಯ ಒಂದೇ ಸಾಲಿನಲ್ಲಿ ಮುಗಿಸಿದ್ದ. "ಭಕ್ತರು ತಮ್ಮ ಆನಂದವನ್ನು ದೇವರಲ್ಲಿ ನಿವೇದಿಸುವ ಶಾಂತಿ ಸಂವಾದ ಕಾರ್ಯಕ್ರಮವು ಜರುಗುವುದು." ಆ ಸಾಲನ್ನು ದೊಡ್ಡ ಫಲಕದ ಮೇಲೆ ಬರೆಸಿ ಗುಡಿಯ ಬಾಗಿಲಿಗೆ ನಿಲ್ಲಿಸಿದ. ಹಳೆಯ ಗುಡಿಗಳನ್ನು ನೋಡಿಕೊಳ್ಳುವ ಯಾವುದೋ ಇಲಾಖೆಯ ಸಾಹೇಬರೊಬ್ಬರನ್ನು ಈ ವರ್ಷದ ಅವರಾತ್ರಿ ಅಮಾವಾಸ್ಯೆಗೆ ಕರೆದ. ಅರುಣಕುಮಾರ ಎಂದು ಹೆಸರು. ಮೈಸೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಅವರು ಮೆಚ್ಚಿದರೆ ಗುಡಿಯ ಹೆಸರು ಸರಕಾರದ ಪುಸ್ತಕದಲ್ಲಿ ಬರುತ್ತದೆ, ಅಧ್ಯಕ್ಷನ ಹೆಸರು ಅದರ ಕೆಳಗೆ ಬರುತ್ತದೆ.

ಈ ವರ್ಷ ಊರಲ್ಲಿ ಜಗಳದ ಪಾಳಿ ಇದ್ದದ್ದು ಒಂದೇ ಮನೆಗೆ. ಅದು ಧರೆಪ್ಪನ ಮನೆ. ಶ್ರಾವಣದಲ್ಲಿ ಅವನ ಹೆಂಡತಿ ಶೆಟ್ಟೆವ್ವ ಜ್ವರ ಬಂದು ಮಲಗಿದವಳು ಏಳಲಿಲ್ಲ. ದಿನಾ ಮಲ್ಲಯ್ಯನ ಕಟ್ಟೆ ಸಾರಿಸಿ ದೀಪ ಹಚ್ಚಿ ಬರುತ್ತಿದ್ದ ಹೆಣ್ಣುಮಗಳು. ಧರೆಪ್ಪ ನನಗೆ ದಾಯಾದಿಯ ಮಗನಾಗಬೇಕು, ಗೋಡೆಗೆ ಗೋಡೆ ಹತ್ತಿದ ಮನೆ. ಶೆಟ್ಟೆವ್ವ ನನಗೆ ಸೊಸೆಯಲ್ಲ, ಆದರೆ ನನ್ನ ಮನೆಯಲ್ಲಿ ಹೆಂಗಸರಿಲ್ಲವಾದ ಮೇಲೆ ನಾನು ಉಂಡೆನೋ ಇಲ್ಲವೋ ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದವಳು ಆಕೆ ಒಬ್ಬಳೇ. ಈಗ ಗೋಡೆ ಸುಮ್ಮನಿದೆ.

ಧರೆಪ್ಪನಿಗೆ ಹಿಟ್ಟಿನ ಗಿರಣಿ ಇದೆ. ಗಿರಣಿಯ ಸದ್ದಿನಲ್ಲಿ ಯಾರು ಏನೆಂದರೂ ಕೇಳಿಸದು. ಆದುದರಿಂದ ಯಾರು ಏನೆಂದರೂ "ಹೌದ್ರಿ" ಎಂದುಬಿಡುವುದು ಅವನಿಗೆ ರೂಢಿಯಾಗಿತ್ತು. ಸಂಜೆ ಗಿರಣಿ ನಿಲ್ಲಿಸಿದ ಮೇಲೂ ರೂಢಿ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಇಲ್ಲವೆನ್ನುವ ಕೆಲಸ ಪೂರ್ತಿ ಶೆಟ್ಟೆವ್ವನದಾಗಿತ್ತು. ಇಂಥವನಿಗೆ ದೇವರೊಡನೆ ಜಗಳ ತೆಗೆಯುವ ಪಾಳಿ ಬಂತು.

ಬಸಂತರಾಯ ಗಿರಣಿಗೆ ಬಂದು ಹೇಳಿದ: "ಧರೆಪ್ಪಾ, ಈ ವರ್ಷ ಬೈಯೂದಿಲ್ಲ. ಸಾಹೇಬ್ರು ಬರಾಕತ್ತಾರ. ಹೇ ಶಾಂತಮೂರ್ತಿ, ನಿನ್ನ ಕೃಪಾದಿಂದ ನಾವು ಸುಖವಾಗಿದ್ದೇವೆ ಅಂತ ಚಂದಂಗ ಹೇಳಿ, ಹೋಗಪಾ ಅಂದು ಬಿಡು. ತಿಳೀತಿಲ್ಲ?"

"ಹೌದ್ರಿ."

ಅವನು ಹೋದ ಹಿಂದೆಯೇ ರಂಗೂಬಾಯಿ ಬಂದರು. ಅವರು ಹೋದ ವರ್ಷ ಗಂಡನನ್ನು ಕಳೆದುಕೊಂಡು, ಪಲ್ಲಕ್ಕಿಯನ್ನು ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಬಿಸಿಲಲ್ಲಿ ನಿಲ್ಲಿಸಿ ಬೈದವರು. ಪಲ್ಲಕ್ಕಿ ಹೊರುವವರು ಈಗಲೂ ಅವರನ್ನು ಕಂಡರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ.

"ಏ ಧರೆಪ್ಪಾ, ಸಣ್ಣ ದನಿ ತಗೀಬ್ಯಾಡ. ದೇವರಿಗೆ ವಯಸ್ಸಾಗ್ಯದ, ಕಿವಿಗೆ ಬೀಳೂದಿಲ್ಲ. ಕಣ್ಣೀರು ಗಿಣ್ಣೀರು ಆಮೇಲೆ. ಮೊದಲ ಬೈಗುಳಾ. ಬಿಡಬ್ಯಾಡ ಅವನ್ನ. ತಿಳೀತೇನು?"

"ಹೌದ್ರಿ ಬಾಯಿ."

ಹೀಗೆ ಇಬ್ಬರಿಗೂ ಒಪ್ಪಿದ ಧರೆಪ್ಪ ಸಂಜೆ ನನ್ನ ಕಟ್ಟೆಗೆ ಬಂದು ತಲೆ ಮೇಲೆ ಕೈಹೊತ್ತು ಕುಳಿತ.

"ಕಾಕಾ, ನನಗ ಬೈಯಾಕ ಬರೂದಿಲ್ರಿ. ನಿಮ್ಮನ್ನ ಮಲ್ಲಯ್ಯ ಅಂತ ತಿಳಕೊಂಡು ಒಮ್ಮೆ ಬೈದು ನೋಡಲೇನ್ರಿ?"

"ಬೈ."

ಎದ್ದು ನಿಂತ. ಎದೆ ಉಬ್ಬಿಸಿದ. "ಎಲಾ ಮಲ್ಲಯ್ಯಾ!" ಎಂದ. ನಾನು ಮಲ್ಲಯ್ಯನಂತೆ ಕಣ್ಣು ಪಿಳುಕಿಸದೆ ಕುಳಿತೆ. "ಎಲಾ ಮಲ್ಲಯ್ಯಾ... ಚಾ ಕುಡದ್ರೇನ್ರಿ?"

"ದೇವರನ್ನ ಚಾ ಕೇಳ್ತಾರೇನೋ ಹುಚ್ಚಾ! ಶೆಟ್ಟೆವ್ವನ್ನ ನೆನಸು, ತಾನ ಬರತೈತಿ."

"ನೆನಸಿದ್ರ ಬಾಯಿ ಕಟ್ಟತೈತ್ರಿ" ಎಂದು ಎದ್ದು ಹೋದ. ಹೋಗುವಾಗ ನನ್ನ ಪಾದ ಮುಟ್ಟಿ ತಪ್ಪಾಯಿತೆಂದು ಕೇಳಿಕೊಂಡ. ಮಲ್ಲಯ್ಯನಿಗೋ ನನಗೋ ತಿಳಿಯಲಿಲ್ಲ.

ಅಮಾವಾಸ್ಯೆಯ ದಿನ ಸಾಹೇಬರು ಜೀಪಿನಿಂದ ಇಳಿದೊಡನೆ ಬಸಂತರಾಯ ಅವರಿಗೆ ರುಮಾಲು ಸುತ್ತಿಸಿದ, ಕೊರಳಿಗೆ ಪಲ್ಲಕ್ಕಿಯ ಮಾಲೆಗಿಂತ ದಪ್ಪ ಮಾಲೆ ಹಾಕಿದ. ಅಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ನದಿಯಿಂದ ಬಂದ ಪಲ್ಲಕ್ಕಿಯ ಮುಂದೆ, ದೇವರಿಗೆ ಹಿಡಿಯುವ ಛತ್ರಿಯ ಕೆಳಗೆ ಅವರನ್ನು ನಿಲ್ಲಿಸಿದ. ಪೂಜಾರಿ ಸಿದ್ಧರಾಮ "ಅಲ್ರೀ ಅಧ್ಯಕ್ಷರ, ದೇವರಿಗೆ ಅಡ್ಡ ಆಗತೈತಿ" ಎಂದರೆ, "ಫೋಟೋದಾಗ ಇಬ್ಬರೂ ಬರಬೇಕು" ಎಂದ. ಸಾಹೇಬರಿಗೆ ಹೇಳಿದ್ದು ಇಷ್ಟೇ: "ಮುಂದಿನ ಮನಿ ಹತ್ತಿರ ಒಬ್ಬ ಭಕ್ತ ನಾಕ ಒಳ್ಳೆ ಮಾತು ಆಡತಾನ್ರಿ ಸರ್."

ಜಗಳವನ್ನು ಮುಚ್ಚಿಟ್ಟ ಪಾಪ ಅವನದು. ಫಲ ಮಾತ್ರ ಎಲ್ಲರಿಗೂ ಬಂತು.

ಧರೆಪ್ಪನ ಮನೆಯ ಮುಂದೆ ಪಲ್ಲಕ್ಕಿ ನಿಂತಿತು. ಡೊಳ್ಳು ನಿಂತವು. ಧರೆಪ್ಪ ಹೊಸ್ತಿಲಿಗೆ ಬಂದ. ಸುತ್ತ ನೆರೆದ ಊರನ್ನು ನೋಡಿದೊಡನೆ ಹೆದರಿ ಕಣ್ಣು ಗಟ್ಟಿಯಾಗಿ ಮುಚ್ಚಿಬಿಟ್ಟ. ಕೈ ಜೋಡಿಸಿದ. ಛತ್ರಿಯ ಕೆಳಗೆ ಯಾರಿದ್ದಾರೆಂದು ಅವನು ನೋಡಲೇ ಇಲ್ಲ.

"ಹೇ ಶಾಂತಮೂರ್ತಿ!" ಎಂದು ಶುರುಮಾಡಿದ.

ಕೈ ಮುಗಿದು ಯಾರು ಮಾತಾಡಿದರೂ ಅದು ತನಗೇ ಎನ್ನುವ ರೂಢಿ ಅಧಿಕಾರಿಗಳಿಗೆ ಇರುತ್ತದೆ. ಸಾಹೇಬರು ನಗುತ್ತ, "ಅಯ್ಯೋ, ಅಷ್ಟೆಲ್ಲ ಯಾಕೆ" ಎಂದರು.

ಧರೆಪ್ಪನ ಮೈ ಜುಮ್ಮೆಂದದ್ದು ನಮಗೆಲ್ಲ ಕಂಡಿತು. ದೇವರು ಮಾತಾಡಿದ್ದ. ಈವರೆಗೆ ನಮ್ಮೂರಲ್ಲಿ ಯಾರ ಪಾಳಿಯಲ್ಲೂ ದೇವರು ತಿರುಗಿ ಮಾತಾಡಿರಲಿಲ್ಲ.

"ನಿನ್ನ ಕೃಪಾದಿಂದ ನಾವು... ಸುಖವಾಗಿ..." ಅಲ್ಲಿಗೆ ತಡೆದ. ಮುಚ್ಚಿದ ಕಣ್ಣಿಂದ ನೀರು ಇಳಿಯಿತು. "ಸುಖಾ ಎಲ್ಲೈತೋ? ಹಾಂ? ಎಲ್ಲೈತಿ?"

ಗಿರಣಿಯ ಸದ್ದಿನ ಮೇಲೆ ಕೂಗಿ ರೂಢಿಯಾದ ಗಂಟಲು ಅದು. ಸಾಹೇಬರ ರುಮಾಲು ಸಡಿಲವಾಯಿತು.

"ಯಾಕೆ? ಏನು ತೊಂದರೆ?" ಎಂದರು.

"ಏನು ತೊಂದರಿ ಅಂತ ನನ್ನ ಕೇಳತೀಯಾ? ಮ್ಯಾಲ ಕುಂತು ಏನ ಮಾಡಾಕತ್ತಿದ್ದಿ? ಮಂದಿ ಹೊತ್ಕೊಂಡು ತಿರಗತಾರ, ನೀ ಜೋಲಿ ಹೊಡಕೋತ ಕುಂದರತಿ!"

"ನೋಡಿ, ಹಾಗಲ್ಲ. ನಾನು ಈ ಕಡೆಗೆ ಬಂದೇ ಎರಡು ತಿಂಗಳಾಯ್ತು."

"ಎರಡ ತಿಂಗಳಾ! ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ನಮ್ಮ ಊರಿನ ಕಾಯಿ ತಿನ್ನಾಕತ್ತಿ, ಎರಡ ತಿಂಗಳಾತು ಅಂತೀಯಲ್ಲೋ!"

ಸಾಹೇಬರ ಮುಖ ಕೆಂಪಾಯಿತು. "ಹಿಂದೆ ಇದ್ದವರು ಏನು ತಿಂದಿದ್ದಾರೋ ನನಗೆ ಗೊತ್ತಿಲ್ಲ. ನಾನು ಒಂದು ಕಾಯೂ ಮುಟ್ಟಿಲ್ಲ!"

ಬಸಂತರಾಯ ಬಾಯಿ ತೆರೆದ. ರಂಗೂಬಾಯಿ ಅವನನ್ನು ನೋಡಿದರು. ಊರೇ ಅವನನ್ನು ನೋಡಿತು. ಅವನ ಮನೆಯಲ್ಲಿ ಹಣ್ಣುಹಣ್ಣಾದ ತಾಯಿ ಇದ್ದಳು. ಜಗಳದ ಪದ್ಧತಿಯನ್ನು ಚರಿತ್ರೆಯಿಂದ ಅಳಿಸಿದ ಮನುಷ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಆಕಿ ಜ್ವರದಾಗ ಬೇಯಾಕತ್ತಾಗ ನಿನ್ನ ಬಾಗಲಕ್ಕ ಬಂದ್ನಿ. ಕೈ ಮುಗದ್ನಿ. ನೆಲಕ್ಕ ಹಣಿ ಹಚ್ಚಿದ್ನಿ. ಕಣ್ಣ ತಗದೇನು? ಒಂದ ಮಾತ ಆಡಿದೇನು?"

"ಸಿಬ್ಬಂದಿ ಕೊರತೆ ಇದೆ ಇವರೇ. ಇರೋರಲ್ಲೇ ಎಲ್ಲ ನಿಭಾಯಿಸಬೇಕು."

"ಮೂವತ್ಮೂರು ಕೋಟಿ ಅದೀರಿ! ಇನ್ನೂ ಎಷ್ಟ ಮಂದಿ ಬೇಕೋ ನಿಮಗ?"

ಪಲ್ಲಕ್ಕಿ ಹೊತ್ತವರ ಹೆಗಲು ಕುಲುಕತೊಡಗಿತು. ನಗುವನ್ನು ನುಂಗಿದರೆ ಅದು ಹೆಗಲಿಗೆ ಇಳಿಯುತ್ತದೆ. ಮೇಲೆ ಮಲ್ಲಯ್ಯನೂ ಕುಲುಕಿದ.

"ಸಮಾಧಾನ, ಸಮಾಧಾನ" ಎಂದು ಸಾಹೇಬರು ಬೆವರು ಒರೆಸಿಕೊಂಡರು. "ಇದು ನನ್ನ ವ್ಯಾಪ್ತಿಗೆ ಬರಲ್ಲ. ಆದರೂ ನಾನು ಮೇಲಿನವರ ಗಮನಕ್ಕೆ ತರ್ತೀನಿ."

ಧರೆಪ್ಪ ಒಂದು ಗಳಿಗೆ ದಂಗಾದ. "ನಿನ್ನ ಮ್ಯಾಲೂ ಒಬ್ಬ ಅದಾನಾ?"

"ಇರ್ತಾರಲ್ಲ. ಎಲ್ಲರ ಮೇಲೂ ಇರ್ತಾರೆ."

"ಹಂಗಂತ ಇಷ್ಟ ವರ್ಷ ಯಾಕ ಹೇಳಲಿಲ್ಲೋ ಕಳ್ಳಾ? ದಿನಾ ನಿನಗ ಹಾಕಿದ ಎಣ್ಣಿ ಅವಂಗರೆ ಹಾಕತಿದ್ಲು ಆಕಿ! ಎಲ್ಲಿರತಾನ ಅವಾ? ಹೇಳು!"

"ಬೆಂಗಳೂರಲ್ಲಿ."

"ಕೈಲಾಸಾ ಬಿಟ್ಟು ಬೆಂಗಳೂರಿಗೆ ಹೋದ್ನಾ! ಅದಕ್ಕ ನಿನ್ನ ಮಾತೂ ಹಂಗ ಆಗೇತಿ!"

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಸಿದ್ಧರಾಮ ಆರತಿಯ ತಟ್ಟೆಯ ಹಿಂದೆ ಮುಖ ಅಡಗಿಸಿದ. ನನ್ನ ಹೊಟ್ಟೆಯಲ್ಲೂ ನಗು ಎದ್ದಿತು, ಅದರ ಮೇಲೆ ನನಗೇ ಸಿಟ್ಟು ಬಂತು. ಸಾಹೇಬರು ಕೆಟ್ಟವರಲ್ಲ. ನಗುತ್ತಿರುವ ಊರಲ್ಲಿ ತಾನೊಬ್ಬನೇ ಬೈಸಿಕೊಂಡು ನಿಂತರೂ, ಎದುರಿಗೆ ಅಳುತ್ತಿರುವವನನ್ನು ಬಿಟ್ಟು ಹೋಗಲಿಲ್ಲ. ದನಿ ತಗ್ಗಿಸಿ ಕೇಳಿದರು:

"ತೀರಿಕೊಂಡವರು ಯಾರು ಹೇಳಿ. ಹೆಸರೇನು ಅವರದು?"

ನಗು ತಟ್ಟನೆ ನಿಂತಿತು.

"ಹೆಸರಾ?" ಎಂದ ಧರೆಪ್ಪ. ಈ ಸಲ ಕೂಗಲಿಲ್ಲ. "ನೀ ಕರಕೊಂಡು ಹೋದಾಕಿ ಹೆಸರು ನಿನಗ ಗೊತ್ತಿಲ್ಲಾ? ದಿನಾ ಮುಂಜಾನೆ ನಿನ್ನ ಕಟ್ಟಿ ಸಾರಸ್ತಿದ್ಲು. ಸೊಂಟಾ ಹಿಡದ ದಿನಾನೂ ಸಾರಸಿದ್ಲು. ನಾ ಬ್ಯಾಡ ಅಂದ್ರ, ಅಂವಾ ನನ್ನ ದಾರಿ ನೋಡ್ತಾನ ಅಂತಿದ್ಲು. ದಾರಿ ನೋಡ್ತಿದ್ದೀಯಲ್ಲೋ! ಯಾರ ದಾರಿ ನೋಡ್ತಿದ್ದಿ ಅಂತನೂ ಗೊತ್ತಿರಲಿಲ್ಲಾ ನಿನಗ? ಹೆಸರು ಗೊತ್ತಿಲ್ಲದ ಒಯ್ದೀ? ಓಣ್ಯಾಗಿನ ಯಾವುದೋ ಒಂದು ಬಾಗಲಾ ಅಂತ ಬಡದೀ? ಶೆಟ್ಟೆವ್ವ ಅಂತ ಆಕಿ ಹೆಸರು! ಶೆಟ್ಟೆವ್ವಾ! ಬರಕೋ ಎಲ್ಲರೆ!"

ಅವನ ಸಿಟ್ಟು ಕಣ್ಣಿನ ರೆಪ್ಪೆಯನ್ನೂ ಕಿತ್ತುಕೊಂಡು ಹೊರಬಂತು. ಕಣ್ಣು ತೆರೆದ.

ಎದುರಿಗೆ ರುಮಾಲು ಸುತ್ತಿಕೊಂಡ ಒಬ್ಬ ಮನುಷ್ಯ ನಿಂತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು.

"ನೀವು ಯಾರ್ರಿ?" ಎಂದ ಧರೆಪ್ಪ.

"ನಾನು... ಅರುಣಕುಮಾರ."

"ಮಲ್ಲಯ್ಯ ಎಲ್ಲಿ?"

ಸಿದ್ಧರಾಮ ಸಾಹೇಬರ ಹಿಂದೆ ಬೆರಳು ತೋರಿಸಿದ. ಧರೆಪ್ಪ ಸಾಹೇಬರ ಭುಜದ ಮೇಲಿಂದ ಇಣುಕಿದ. ಮಾಲೆಗಳ ನಡುವೆ ಮಲ್ಲಯ್ಯನ ಬೆಳ್ಳಿಯ ಮುಖ ಎಂದಿನಂತೆ ಸುಮ್ಮನಿತ್ತು.

ಆಗ ಊರು ನಕ್ಕಿತು. ತಡೆದದ್ದೆಲ್ಲ ಒಮ್ಮೆಗೇ ಒಡೆದುಕೊಂಡಿತು. ಮುದುಕರು ಕೋಲು ಬಿಟ್ಟು ನಕ್ಕರು. ಡೊಳ್ಳಿನವನು ಡೊಳ್ಳಿನ ಮೇಲೆ ಬಿದ್ದು ನಕ್ಕದ್ದರಿಂದ ಅದೂ ಸದ್ದು ಮಾಡಿತು. ನಗದೆ ಇದ್ದವರು ರಂಗೂಬಾಯಿ, ಸಾಹೇಬರು, ನಾನು. ನನ್ನ ನಗು ಎಲ್ಲಿ ಹೋಯಿತೋ ತಿಳಿಯದು. ಶೆಟ್ಟೆವ್ವನ ಪಾಲಿನ ಒಂದೇ ಒಂದು ಜಗಳ, ಅದು ಒಬ್ಬ ಸರಕಾರಿ ಮನುಷ್ಯನ ಮೇಲೆ ಖರ್ಚಾಗಿ ಹೋಯಿತಲ್ಲ ಎಂದು ನನಗೆ ಕೈಯಲ್ಲಿದ್ದ ಕೋಲನ್ನು ಬಸಂತರಾಯನ ಬೆನ್ನಿಗೆ ಮುರಿಯುವಷ್ಟು ಕೋಪ ಬಂದಿತ್ತು.

ಬಸಂತರಾಯ ಬಾಯಿಂದ ಕೈ ತೆಗೆದು ಓಡಿ ಬಂದ. "ಮುಗೀತು, ಮುಗೀತು! ಸರ್, ಅವಗ ಸ್ವಲ್ಪ ತಲಿ ಸರಿ ಇಲ್ರಿ. ಏ ಧರೆಪ್ಪಾ, ಹೋಗಪಾ ಅಂದು ಬಿಡು. ಫಲಕದ ಪೂಜಾ ಬಾಕಿ ಐತಿ. ಅನ್ನು."

"ಇಲ್ರಿ" ಎಂದ ಧರೆಪ್ಪ.

ಬಸಂತರಾಯನಿಗೆ ಅದು ಯಾವ ಭಾಷೆಯೆಂದು ತಿಳಿಯಲಿಲ್ಲ. "ಏನಂದಿ?"

"ಇಲ್ರಿ ಅಂದ್ನಿ. ನಾ ಜಗಳಾ ಮಾಡಿದ್ದು ಈ ಸಾಹೇಬ್ರ ಜೋಡಿ. ಮಲ್ಲಯ್ಯನ ಜೋಡಿ ಇನ್ನೂ ಚಾಲೂನ ಆಗಿಲ್ಲ."

ಪಲ್ಲಕ್ಕಿ ಹೊತ್ತವರು ನರಳಿದರು. ಸಾಹೇಬರು ಛತ್ರಿಯ ಕೆಳಗಿನಿಂದ ತಾವಾಗಿ ಪಕ್ಕಕ್ಕೆ ಸರಿದು, ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, "ನೀವು ಮಾಡಿ" ಎಂದರು.

ಈಗ ನಡುವೆ ಯಾರೂ ಇರಲಿಲ್ಲ. ಧರೆಪ್ಪ ಮಲ್ಲಯ್ಯನನ್ನು ನೋಡಿದ. ನಾವು ಕಾದೆವು. ಇದ್ದ ಬೈಗುಳಗಳೆಲ್ಲ ತೀರಿದ್ದವು, ಸಿಟ್ಟು ತೀರಿರಲಿಲ್ಲ. ಅದು ಕೊರಳಿನ ನರದಲ್ಲಿ ಹಾರುತ್ತಿತ್ತು. ಕೊನೆಗೆ ಎರಡೂ ಕೈ ಚಾಚಿದ.

"ಒಳಗ ಬಾ" ಎಂದ. "ಇಲ್ಲಿ ಮಂದ್ಯಾಗ ಬ್ಯಾಡ. ಮನಿ ಒಳಗ ಬಾ. ಆಕಿ ಇಲ್ಲದ ಮನಿ ಹೆಂಗಿರತೈತಿ ಒಂದೀಟು ಕುಂತು ನೋಡು."

"ಎಲ್ಯಾರೆ ಉಂಟೇನೋ ಇದು?" ಎಂದು ಬಸಂತರಾಯ ಅಬ್ಬರಿಸಿದ. "ಪಲ್ಲಕ್ಕಿ ದೇವರು ಮಂದಿ ಮನಿ ಹೊಕ್ಕಾನೇನು? ಚರಿತ್ರೆದಾಗ ಇಲ್ಲ ಇದು!"

"ನಿನ್ನ ಚರಿತ್ರೆದಾಗ ಗಂಗವ್ವನೂ ಇಲ್ಲ" ಎಂದೆ ನಾನು. "ಆಕಿ ಮಾಡಿದ ದಿನಾ ಅದೂ ಮದಲನೇ ಸಲಾನ ಇತ್ತು. ಬಾಯಿ ಮುಚ್ಚು. ಪಾಳಿ ಇನ್ನೂ ಮುಗದಿಲ್ಲ, ನಿಮ್ಮವ್ವ ಮನ್ಯಾಗ ಅದಾಳ."

ಅವನು ಮುಚ್ಚಿದ.

ಸಿದ್ಧರಾಮ ನನ್ನ ಮುಖ ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ. ಅವನು ಮಲ್ಲಯ್ಯನ ಬೆಳ್ಳಿಯ ಮುಖವನ್ನು ಪಲ್ಲಕ್ಕಿಯಿಂದ ಬಿಡಿಸಿ, ಶಾಲು ಸುತ್ತಿ, ಧರೆಪ್ಪನ ಕೈಯಲ್ಲಿಟ್ಟ. ಧರೆಪ್ಪ ಅದನ್ನು ಎತ್ತಿಕೊಂಡ ರೀತಿಯಲ್ಲಿ ಭಕ್ತಿ ಇರಲಿಲ್ಲ. ತಪ್ಪು ಮಾಡಿದವನ ರಟ್ಟೆ ಹಿಡಿದು ಒಳಗೆ ಕರೆದೊಯ್ದಂತೆ ಒಯ್ದು, ಕಾಲಿನಿಂದ ಬಾಗಿಲು ಮುಚ್ಚಿಕೊಂಡ.

ಊರು ಓಣಿಯಲ್ಲಿ ಕುಳಿತಿತು. ಸಾಹೇಬರು ನನ್ನ ಕಟ್ಟೆಯ ಮೇಲೆ ಕುಳಿತರು. ಖಾಲಿ ಪಲ್ಲಕ್ಕಿ ಹೊತ್ತವರು, ದೇವರಿಲ್ಲದ ಮೇಲೆ ಇಳಿಸಬಹುದೋ ಬಾರದೋ ಎಂದು ತಿಳಿಯದೆ, ಹೊತ್ತುಕೊಂಡೇ ನಿಂತರು.

ಒಳಗಿನಿಂದ ಡಬ್ಬಿಗಳು ಉರುಳಿದ ಸದ್ದು ಬಂತು. ನಾಗಂದಿಗೆಯ ಮೇಲಿನ ಪಾತ್ರೆಗಳನ್ನು ಒಂದೊಂದಾಗಿ ನೆಲಕ್ಕೆ ಎಸೆಯುತ್ತಿದ್ದಂತೆ ಕೇಳಿಸಿತು. ಒಂದು ಕೊಡ ಉರುಳಿ ಗೋಡೆಗೆ ಬಡಿಯಿತು. "ಇಲ್ಲ, ಇಲ್ಲೂ ಇಲ್ಲ" ಎಂದು ಧರೆಪ್ಪ ಯಾರನ್ನೋ ಗದರುತ್ತಿದ್ದ. ಮತ್ತೆ ಸದ್ದು ನಿಂತಿತು. ಅವನು ಮಾತಾಡಿದ್ದು ಗಿರಣಿಯ ದನಿಯಲ್ಲೇ, ಓಣಿಯ ತುದಿಯವರೆಗೂ ಕೇಳಿಸಿತು.

"ವರ್ಷಾ ನಿನಗ ನೈವೇದ್ಯದ ಎಡಿ ಕೊಡೂ ಹಿತ್ತಾಳಿ ತಾಟು ಎಲ್ಲಿ ಇಟ್ಟಾಳ ತಿಳೀವಲ್ದು. ಮುಂಜಾನಿಂದ ಹುಡಕಾಕತ್ತೇನಿ. ಇನ್ನ ನಿನಗ ಎದರಾಗ ಎಡಿ ಕೊಡಲಿ, ನನ್ನ ಬೊಗಸ್ಯಾಗ? ಸುಮ್ಮ ಮಾರಿ ನೋಡ್ಕೋತ ಕುಂದರಬ್ಯಾಡ. ಆಕಿ ನಿನ್ನ ಹತ್ತರ ಅದಾಳಲ್ಲ. ಕೇಳು. ಕೇಳಿ ಹೇಳು ನನಗ."

ಉತ್ತರ ಕೇಳಿಸೀತೆಂದು ಇಡೀ ಊರು ಆ ಬಾಗಿಲಿಗೆ ಕಿವಿಗೊಟ್ಟು ಕುಳಿತಿತ್ತು.